ಗ್ಯಾಸ್‌ಲೈಟಿನ ಬೂದಿ: ಜಾತ್ರೆ ಬೆಳಗಿದ ಥೋರಿಯಂ

ಗ್ಯಾಸ್‌ಲೈಟಿನ ಗಾಜಿನ ಬುರುಡೆಯೊಳಗೆ ಬೆಳ್ಳಗೆ ಉರಿಯುತ್ತಿದ್ದ ಮ್ಯಾಂಟಲ್ ಬಟ್ಟೆಯೂ ಅಲ್ಲ, ಬತ್ತಿಯೂ ಅಲ್ಲ. ಅದು ಥೋರಿಯಂ ಎಂಬ ವಿಕಿರಣಶೀಲ ಲೋಹದ ಬೂದಿ. ದಾವಣಗೆರೆ, ಹರಿಹರ ಸೀಮೆಯ ಜಾತ್ರೆ, ಬಯಲಾಟ, ಮದುವೆ ಮೆರವಣಿಗೆಗಳಲ್ಲಿ ಕರೆಂಟು ಬರುವ ಮುಂಚೆ, ಎಷ್ಟೋ ಹಳ್ಳಿಗಳಲ್ಲಿ ಕರೆಂಟು ಬಂದ ಮೇಲೂ, ರಾತ್ರಿಯನ್ನು ಹಗಲು ಮಾಡಿದ್ದು ಈ ಬೂದಿಯೇ. ಕುಲುಮೆಯ ಕಲ್ಲಿದ್ದಲಿನಷ್ಟು ಕಾದರೂ ಕರಗದ, ಮುಟ್ಟಿದರೆ ಪುಡಿಯಾಗುವ ಆ ಬಲೆಯ ಕತೆ ನಾರ್ವೆಯ ಒಂದು ನಡುಗಡ್ಡೆಯಲ್ಲಿ ಶುರುವಾಗಿ, ತಿರುವಾಂಕೂರಿನ ಕಡಲ ಮರಳನ್ನು ಹಾಯ್ದು, ಶಾಮನೂರಿನಂಥ ಹಳ್ಳಿಗಳ ಅಗಸೆಬಾಗಿಲವರೆಗೆ ಬರುತ್ತದೆ.

ಥೋರಿಯಂನ ಪರಮಾಣು ಸಂಖ್ಯೆ 90. ಹೊಸದಾಗಿ ಕತ್ತರಿಸಿದಾಗ ಬೆಳ್ಳಿಯಂತೆ ಹೊಳೆಯುವ ಈ ಲೋಹ ಗಾಳಿಗೆ ಬಿಟ್ಟರೆ ನಿಧಾನಕ್ಕೆ ಕಪ್ಪಿಡುತ್ತದೆ. ಸಾಂದ್ರತೆ ಸೀಸಕ್ಕಿಂತ ಸ್ವಲ್ಪ ಹೆಚ್ಚು, ಅಂದರೆ ಘನ ಸೆಂಟಿಮೀಟರಿಗೆ ಸುಮಾರು 11.7 ಗ್ರಾಂ. ಕರಗುವುದು 1,750 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ. ಅಚ್ಚರಿ ಇರುವುದು ಲೋಹದಲ್ಲಲ್ಲ, ಅದರ ಆಕ್ಸೈಡಿನಲ್ಲಿ. ಥೋರಿಯಾ ಎಂದು ಕರೆಯುವ ಆ ಬಿಳಿ ಪುಡಿ 3,300 ಡಿಗ್ರಿ ದಾಟುವವರೆಗೂ ಕರಗುವುದಿಲ್ಲ. ಆಕ್ಸೈಡುಗಳಲ್ಲೆಲ್ಲ ಅತಿ ಹೆಚ್ಚಿನ ಕರಗುಬಿಂದು ಇದರದೇ. ನಿಸರ್ಗದಲ್ಲಿ ಸಿಗುವ ಥೋರಿಯಂ ಹೆಚ್ಚೂ ಕಡಿಮೆ ಪೂರ್ತಿಯಾಗಿ ಥೋರಿಯಂ-232 ಎಂಬ ಒಂದೇ ಐಸೊಟೋಪು. ಅದು ಆಲ್ಫಾ ಕಣವನ್ನು ಉಗುಳಿ ಕ್ಷಯಿಸುತ್ತದೆ, ಆದರೆ ಯಾವ ಅವಸರವೂ ಇಲ್ಲದೆ. ಅದರ ಅರ್ಧಾಯು 1,405 ಕೋಟಿ ವರ್ಷ. ವಿಶ್ವಕ್ಕೇ ಈಗ ಸುಮಾರು 1,380 ಕೋಟಿ ವರ್ಷ ವಯಸ್ಸು. ಹಾಗಾಗಿ ಹುಟ್ಟಿದ ಥೋರಿಯಂನಲ್ಲಿ ಅರ್ಧಕ್ಕಿಂತ ಹೆಚ್ಚು ಇನ್ನೂ ಉಳಿದಿದೆ. ಒಂದೊಂದು ಪರಮಾಣುವೂ ರೇಡಿಯಂ, ರೇಡಾನ್, ಪೊಲೋನಿಯಂ, ಬಿಸ್ಮತ್‌ಗಳ ಹತ್ತು ಮೆಟ್ಟಿಲು ಇಳಿದು ಕೊನೆಗೆ ಸೀಸ-208 ಆಗಿ ನೆಲೆ ನಿಲ್ಲುತ್ತದೆ.

ರಸಾಯನಶಾಸ್ತ್ರದ ಕಟ್ಟುನಿಟ್ಟಿನ ಲೆಕ್ಕದಲ್ಲಿ ಥೋರಿಯಂ ವಿರಳ ಭಸ್ಮ ಧಾತುವಲ್ಲ, ಆಕ್ಟಿನೈಡು. ಆದರೆ ಸೀರಿಯಂ, ಲ್ಯಾಂಥನಂ, ನಿಯೋಡಿಮಿಯಂ ಇತ್ಯಾದಿ ವಿರಳ ಭಸ್ಮಗಳಿರುವ ಖನಿಜದಲ್ಲೇ ಅದೂ ಬೆರೆತಿರುತ್ತದೆ, ಅವುಗಳ ಜೊತೆಗೇ ಹೊರಬರುತ್ತದೆ. ಹಳೆಯ ರಸಾಯನಿಗಳು ಅದನ್ನು ಆ ಬಳಗದಲ್ಲೇ ಸೇರಿಸುತ್ತಿದ್ದರು. ಆ ಬಳಗದ ಒಳಗಿನದೇ ಆದ ವಿಕಿರಣಶೀಲ ಧಾತು ಬೇರೆ ಇದೆ, ಅದು ಪ್ರೊಮಿಥಿಯಂ, ಸಂಖ್ಯೆ 61. ಅದಕ್ಕೆ ಸ್ಥಿರವಾದ ಐಸೊಟೋಪು ಒಂದೂ ಇಲ್ಲ. ಹೆಚ್ಚು ಬಾಳುವ ಪ್ರೊಮಿಥಿಯಂ-145ರ ಅರ್ಧಾಯುವೇ 18 ವರ್ಷ ಮುಟ್ಟುವುದಿಲ್ಲ. ಹಾಗಾಗಿ ಭೂಮಿಯಲ್ಲಿ ಅಗೆದು ತೆಗೆಯುವಷ್ಟು ಸಿಗುವುದೇ ಇಲ್ಲ. 1945ರಲ್ಲಿ ಅಮೆರಿಕದ ಓಕ್ ರಿಡ್ಜ್‌ನಲ್ಲಿ ಮರಿನ್ಸ್ಕಿ, ಗ್ಲೆಂಡೆನಿನ್, ಕೊರಿಯೆಲ್ ಎಂಬ ಮೂವರು ಅದನ್ನು ರಿಯಾಕ್ಟರಿನ ಯುರೇನಿಯಂ ಕಸದಲ್ಲಿ ಗುರುತಿಸಿದರು. ಥೋರಿಯಂ ಹಾಗಲ್ಲ. ಭೂಮಿಯ ಚಿಪ್ಪಿನಲ್ಲಿ ಅದು ಯುರೇನಿಯಂನ ಮೂರು ನಾಲ್ಕು ಪಟ್ಟು ಇದೆ. ಯಾವ ಹೊಲದ ಮಣ್ಣನ್ನು ತಂದರೂ ಕಿಲೋಗೆ ಕೆಲವು ಮಿಲಿಗ್ರಾಂ ಥೋರಿಯಂ ಇದ್ದೇ ಇರುತ್ತದೆ.

1828ರಲ್ಲಿ ನಾರ್ವೆಯ ಲೋವೋಯಾ ನಡುಗಡ್ಡೆಯಲ್ಲಿ ಪಾದ್ರಿ ಮಾರ್ಟೆನ್ ಎಸ್ಮಾರ್ಕ್‌ಗೆ ಒಂದು ಕಪ್ಪು ಕಲ್ಲು ಸಿಕ್ಕಿತು. ಅವನ ತಂದೆ, ಖನಿಜಶಾಸ್ತ್ರದ ಪ್ರಾಧ್ಯಾಪಕ ಯೆನ್ಸ್ ಎಸ್ಮಾರ್ಕ್, ಅದನ್ನು ಸ್ವೀಡನ್ನಿನ ಬರ್ಜೀಲಿಯಸ್‌ಗೆ ಕಳಿಸಿದ. ಬರ್ಜೀಲಿಯಸ್ ಅದರಲ್ಲಿ ಹೊಸ ಧಾತುವನ್ನು ಕಂಡು, ಗುಡುಗಿನ ದೇವರು ಥಾರ್‌ನ ಹೆಸರಿಟ್ಟ. ಮುಂದಿನ ಅರವತ್ತು ವರ್ಷ ಅದರಿಂದ ಯಾರಿಗೂ ಏನೂ ಪ್ರಯೋಜನವಾಗಲಿಲ್ಲ. ಅದು ವಿಕಿರಣಶೀಲ ಎಂದು 1898ರಲ್ಲಿ ಜರ್ಮನಿಯ ಗೆರ್ಹಾರ್ಡ್ ಶ್ಮಿಟ್ ಮತ್ತು ಪ್ಯಾರಿಸ್ಸಿನ ಮೇರಿ ಕ್ಯೂರಿ ಬೇರೆಬೇರೆಯಾಗಿ ಕಂಡುಕೊಳ್ಳುವ ಹೊತ್ತಿಗೆ ಥೋರಿಯಂ ಯುರೋಪಿನ ಬೀದಿ ದೀಪಗಳಲ್ಲಿ ಉರಿಯುತ್ತಿತ್ತು. ಬಳಕೆ ಮೊದಲು, ತಿಳಿವಳಿಕೆ ಆಮೇಲೆ.

ಅದನ್ನು ದೀಪಕ್ಕೆ ತಂದವನು ವಿಯೆನ್ನಾದ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಖ್. ಬುನ್ಸೆನ್ ಬರ್ನರಿನ ಬುನ್ಸೆನ್‌ನ ಶಿಷ್ಯ. 1885ರಲ್ಲಿ ಡಿಡಿಮಿಯಂ ಎಂದು ಎಲ್ಲರೂ ನಂಬಿದ್ದ ಧಾತುವನ್ನು ಎರಡಾಗಿ ಒಡೆದು, ಪ್ರಸಿಯೋಡಿಮಿಯಂ ಮತ್ತು ನಿಯೋಡಿಮಿಯಂ ಎಂದು ತೋರಿಸಿದವನೂ ಅವನೇ. ವಿರಳ ಭಸ್ಮಗಳ ಲವಣವನ್ನು ನೂಲಿಗೆ ಹೀರಿಸಿ ಉರಿಗೆ ಹಿಡಿದರೆ, ನೂಲು ಸುಟ್ಟುಹೋಗಿ ಅದರದೇ ಆಕಾರದ ಬೂದಿ ನಿಂತು ಬೆಳಗುವುದನ್ನು ಅವನು ಗಮನಿಸಿದ. ಮೊದಲ ಮ್ಯಾಂಟಲ್ ಮೆಗ್ನೀಸಿಯಂ, ಲ್ಯಾಂಥನಂ, ಯಿಟ್ರಿಯಂ ಆಕ್ಸೈಡುಗಳದ್ದು. ಹಸಿರು ಛಾಯೆಯ ಆ ಬೆಳಕಿನಲ್ಲಿ ಜನರ ಮುಖ ರೋಗಿಗಳ ಮುಖದಂತೆ ಕಾಣುತ್ತಿತ್ತು. ಸರಕು ಓಡಲಿಲ್ಲ, ಕಾರ್ಖಾನೆ ಮುಚ್ಚಿತು. 1891ರಲ್ಲಿ ಅವನಿಗೆ ಸರಿಯಾದ ಪಾಕ ಸಿಕ್ಕಿತು: ಶೇ. 99 ಥೋರಿಯಾ, ಶೇ. 1 ಸೀರಿಯಾ.

ಈ ಒಂದರ ಲೆಕ್ಕ ಅಡುಗೆಯ ಉಪ್ಪಿನ ಲೆಕ್ಕದ ಹಾಗೆ. ಬರೀ ಥೋರಿಯಾ ಆದರೆ ಎಷ್ಟು ಕಾದರೂ ಮಂಕು ಬೆಳಕು. ಸೀರಿಯಾ ಜಾಸ್ತಿಯಾದರೆ ಶಾಖವೆಲ್ಲ ಅವಕೆಂಪು ಕಿರಣವಾಗಿ ಸೋರಿ, ಮ್ಯಾಂಟಲ್ ತಣ್ಣಗಾಗಿ ಕೆಂಪಗೆ ಉರಿಯುತ್ತದೆ. ಥೋರಿಯಾ ಶಾಖವನ್ನು ಹೊರಗೆ ಬಿಟ್ಟುಕೊಡದೆ ಹಿಡಿದಿಡುತ್ತದೆ. ಅದರ ನಡುವೆ ಅಲ್ಲಲ್ಲಿ ಕೂತ ಚಿಟಿಕೆ ಸೀರಿಯಾ ಆ ಶಾಖವನ್ನು ಕಣ್ಣಿಗೆ ಕಾಣುವ ಬೆಳಕಾಗಿ ಬಿಡುತ್ತದೆ. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಲೇಬೇಕು. ಮ್ಯಾಂಟಲ್ ಬೆಳಗುವುದಕ್ಕೂ ಥೋರಿಯಂನ ವಿಕಿರಣಕ್ಕೂ ಏನೇನೂ ಸಂಬಂಧವಿಲ್ಲ. ಬೆಳಕು ಪೂರ್ತಿ ಸೀಮೆಎಣ್ಣೆಯ ಉರಿಯದು. ವಿಕಿರಣ ಕರೆಯದೆ ಬಂದ ನೆಂಟ.

ಥೋರಿಯಂಗೆ ಬೇಡಿಕೆ ಬಂದ ಕೂಡಲೇ ಅದರ ಅದಿರು ಮೊನಜೈಟ್‌ಗಾಗಿ ಹುಡುಕಾಟ ಶುರುವಾಯಿತು. ಮೊನಜೈಟ್ ಎಂದರೆ ವಿರಳ ಭಸ್ಮಗಳ ಫಾಸ್ಫೇಟು, ಜೇನಿನ ಬಣ್ಣದ ಭಾರದ ಕಾಳು. ಬೆಟ್ಟದ ಕಲ್ಲು ಸವೆದು ನದಿಯಲ್ಲಿ ತೇಲಿ ಕಡಲು ಸೇರಿದಾಗ, ಅಲೆಗಳು ಹಗುರ ಮರಳನ್ನು ಎಳೆದೊಯ್ದು ಭಾರದ ಈ ಕಾಳನ್ನು ದಂಡೆಯಲ್ಲೇ ಬಿಡುತ್ತವೆ. ಮೊದಲು ಮಾರುಕಟ್ಟೆಯನ್ನು ಆಳಿದ್ದು ಬ್ರೆಜಿಲಿನ ಮರಳು. 1909ರಲ್ಲಿ ಶೋಂಬರ್ಗ್ ಎಂಬ ಜರ್ಮನ್ ರಸಾಯನಿ ತಿರುವಾಂಕೂರಿನಿಂದ ಹೋದ ತೆಂಗಿನ ನಾರಿಗೆ ಅಂಟಿದ್ದ ಮರಳಿನಲ್ಲಿ ಮೊನಜೈಟ್ ಕಂಡ. ನಾರಿನ ಜಾಡು ಹಿಡಿದು ಬಂದವನು ಈಗ ತಮಿಳುನಾಡಿಗೆ ಸೇರಿದ ಮಣವಾಳಕುರಿಚ್ಚಿಯಲ್ಲಿ ಮರಳು ಜಾಲಿಸುವ ಘಟಕ ಹಾಕಿದ. ಬ್ರೆಜಿಲಿನ ಮೊನಜೈಟ್‌ನಲ್ಲಿ ಥೋರಿಯಾ ಶೇ. 6ರ ಸುಮಾರು. ಇಲ್ಲಿನದರಲ್ಲಿ ಶೇ. 8ರಿಂದ 9. ಬ್ರೆಜಿಲಿನ ಏಕಸ್ವಾಮ್ಯ ಮುರಿಯಲು ಅಷ್ಟೇ ಸಾಕಾಯಿತು. ಮೊದಲ ಮಹಾಯುದ್ಧ ಬಂದಾಗ ಜರ್ಮನ್ನರ ಕೈಯಿಂದ ಆ ವ್ಯವಹಾರ ಬ್ರಿಟಿಷರ ಕೈಗೆ ಹೋಯಿತು. ಅಲ್ಲಿಗೂ ಕಚ್ಚಾ ಮರಳು ಹೋಗುವುದು, ಸಿದ್ಧ ಮ್ಯಾಂಟಲ್ ಬರುವುದು, ಇದರಲ್ಲಿ ವ್ಯತ್ಯಾಸವಾಗಲಿಲ್ಲ. ಹತ್ತಿಯ ಕತೆಯನ್ನು ಕಂಡಿದ್ದ ದಾವಣಗೆರೆಯಂಥ ಮಂಡಿಪೇಟೆಗೆ ಇದು ಹೊಸ ಲೆಕ್ಕವೇನೂ ಅಲ್ಲ.

ಯುರೋಪಿನ ಮ್ಯಾಂಟಲ್ ಕೊಳವೆಯಲ್ಲಿ ಬರುವ ಕಲ್ಲಿದ್ದಲ ಅನಿಲಕ್ಕೆಂದು ಹುಟ್ಟಿದ್ದು. ಕೊಳವೆ ಇಲ್ಲದ ಊರಿಗೆ ಅದು ಬರಲು ಇನ್ನೊಂದು ಕೈಚಳಕ ಬೇಕಿತ್ತು. ಬರ್ಲಿನ್ನಿನ ಎರಿಚ್ ಅಂಡ್ ಗ್ರೇಟ್ಸ್ ಕಂಪನಿ 1910ರ ಸುಮಾರಿಗೆ ತಂದ ಪೆಟ್ರೋಮ್ಯಾಕ್ಸ್ ಆ ಕೆಲಸ ಮಾಡಿತು. ಕಂಪನಿಯ ಮ್ಯಾಕ್ಸ್ ಗ್ರೇಟ್ಸ್‌ನ ಹೆಸರು ಪೆಟ್ರೋಲಿಯಂ ಜೊತೆ ಸೇರಿ ಪೆಟ್ರೋಮ್ಯಾಕ್ಸ್ ಆಯಿತು. ತಳದ ಹಿತ್ತಾಳೆ ಟ್ಯಾಂಕಿನಲ್ಲಿ ಒಂದು ಲೀಟರು ಸೀಮೆಎಣ್ಣೆ, ಪಕ್ಕದಲ್ಲಿ ಕೈಪಂಪು. ಒತ್ತಡಕ್ಕೆ ಮೇಲೇರಿದ ಎಣ್ಣೆ ಬಿಸಿ ಕೊಳವೆಯಲ್ಲಿ ಆವಿಯಾಗಿ, ಗಾಳಿಯೊಂದಿಗೆ ಬೆರೆತು ಮ್ಯಾಂಟಲಿನೊಳಗೆ ಉರಿಯುತ್ತದೆ. ಎಣ್ಣೆ ತಾನೇ ಅನಿಲವಾಗುವುದರಿಂದ ಕನ್ನಡದ ಜನ ಇದನ್ನು ಗ್ಯಾಸ್‌ಲೈಟು ಎಂದದ್ದು ಸರಿಯಾಗಿಯೇ ಇದೆ. ಒಂದು ಲೀಟರು ಸುಮಾರು ಎಂಟು ಗಂಟೆ ಉರಿಯುತ್ತದೆ. ಬಯಲಾಟದ ಒಂದು ರಾತ್ರಿಗೆ ಅಳೆದು ಮಾಡಿದಂತಿದೆ.

ಬೆಂಗಳೂರು-ಹರಿಹರ ರೈಲುದಾರಿ 1880ರ ದಶಕದಲ್ಲೇ ಆಗಿತ್ತು. ಸೀಮೆಎಣ್ಣೆ ಡಬ್ಬ, ಗಾಜು, ಕಂದೀಲುಗಳೆಲ್ಲ ಈ ಭಾಗಕ್ಕೆ ಆ ದಾರಿಯಲ್ಲೇ ಬಂದವು. ಅದಕ್ಕೂ ಹಿಂದೆ ರಾತ್ರಿಯ ಬೆಳಕೆಂದರೆ ಮನೆಯಲ್ಲಿ ಹರಳೆಣ್ಣೆ ಹಣತೆ, ಹೊರಗೆ ದೀವಟಿಗೆ, ಪಂಜು. ಮೈಸೂರು ಸಂಸ್ಥಾನಕ್ಕೆ ವಿದ್ಯುತ್ತು ಬೇಗ ಬಂದದ್ದು ನಿಜ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ, 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗೆ. ಆದರೆ ತಂತಿ ಮೊದಲು ಹೋದದ್ದು ಗಣಿಗೆ, ಪೇಟೆಗೆ, ಮಿಲ್ಲಿಗೆ. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ತಿರುಗಲು ಶುರುವಾದ ಮೇಲೆ, ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಎದ್ದ ಮೇಲೆಯೂ ಸುತ್ತಿನ ಹಳ್ಳಿಗಳಲ್ಲಿ ಕತ್ತಲೆ ಕತ್ತಲೆಯಾಗಿಯೇ ಇತ್ತು. ಇಂದು ಪಾಲಿಕೆಯೊಳಗೆ ಸೇರಿಹೋಗಿರುವ ಶಾಮನೂರು ಆಗ ಹೊಲಗದ್ದೆಗಳ ನಡುವಿನ ಬೇರೆಯೇ ಊರು. 1948ರಲ್ಲಿ ಜೋಗದ ವಿದ್ಯುದಾಗಾರ ಶುರುವಾದ ಮೇಲೂ ತಂತಿ ಹಳ್ಳಿಹಳ್ಳಿಗೆ ಹೋಗಲು ದಶಕಗಳು ಹಿಡಿದವು. ಆ ಅಂತರವನ್ನು ತುಂಬಿದ್ದು ಗ್ಯಾಸ್‌ಲೈಟು.

ಅದನ್ನು ಹಚ್ಚುವುದು ಎಲ್ಲರ ಕೈಗೂ ದಕ್ಕುವ ಕೆಲಸವಾಗಿರಲಿಲ್ಲ. ಪೊಟ್ಟಣದಿಂದ ತೆಗೆದ ಹೊಸ ಮ್ಯಾಂಟಲ್ ಮೆತ್ತನೆಯ ಚಿಕ್ಕ ಕಾಲುಚೀಲದಂತೆ. ಹತ್ತಿ ಅಥವಾ ಕೃತಕ ರೇಷ್ಮೆಯ ಬಲೆ. ಥೋರಿಯಂ ನೈಟ್ರೇಟು ಮತ್ತು ತುಸು ಸೀರಿಯಂ ನೈಟ್ರೇಟಿನ ನೀರಿನಲ್ಲಿ ನೆನೆಸಿ ಒಣಗಿಸಿದ್ದು. ಅದರ ಬಾಯನ್ನು ಪಿಂಗಾಣಿ ಮೂತಿಗೆ ದಾರದಿಂದ ಬಿಗಿದು, ನೆರಿಗೆ ಸಮ ಮಾಡಬೇಕು. ಬಟ್ಟಲಿಗೆ ಸ್ಪಿರಿಟ್ ಸುರಿದು ಕಡ್ಡಿ ಗೀರಿದರೆ ನೀಲಿ ಉರಿ ಎದ್ದು ಕೊಳವೆ ಕಾಯುತ್ತದೆ. ಚೀಲ ಕಪ್ಪಾಗಿ, ಕುಗ್ಗಿ, ನೂಲೆಲ್ಲ ಸುಟ್ಟುಹೋಗುತ್ತದೆ. ನೈಟ್ರೇಟು ಆಕ್ಸೈಡಾಗಿ, ಬಟ್ಟೆಯ ಒಂದೊಂದು ಕಣ್ಣನ್ನೂ ಹಾಗೇ ಉಳಿಸಿಕೊಂಡ ಬಿಳಿ ಬೂದಿಯ ಬುಡ್ಡೆ ತೂಗಾಡುತ್ತದೆ. ಆಗ ಕೀಲಿ ತಿರುಗಿಸಿ ಪಂಪು ಹೊಡೆಯಬೇಕು. ಅವಸರ ಮಾಡಿ ಮೊದಲೇ ಹೊಡೆದರೆ ಹಸಿ ಎಣ್ಣೆ ನುಗ್ಗಿ ಭಗ್ಗನೆ ಹೊತ್ತಿಕೊಂಡು ಮ್ಯಾಂಟಲ್ ಹರಿಯುತ್ತದೆ, ಗಾಜು ಕರೀ ಹಿಡಿಯುತ್ತದೆ. ಹದವರಿತರೆ ಭುಸ್ಸೆಂಬ ಒಂದೇ ಸದ್ದಿನೊಡನೆ ಬೆಳಕು ಏರುತ್ತದೆ. ಮುನ್ನೂರು ನಾನೂರು ಮೇಣದಬತ್ತಿಗಳ ಬೆಳಕು ಒಂದೇ ಕಡೆ. ಆಮೇಲೆ ರಾತ್ರಿಯಿಡೀ ಕಾವಲು. ಬೆಳಕು ಇಳಿದರೆ ನಾಲ್ಕು ಪಂಪು, ಮೂತಿ ಕಟ್ಟಿದರೆ ಪಿನ್ನು. ಒಂದು ದೀಪದ ಹುಳು ಬಂದು ಬಡಿದರೂ ಸಾಕು, ಬೂದಿಯಲ್ಲಿ ತೂತು ಬೀಳುತ್ತಿತ್ತು.

ಈ ಕಾರಣಕ್ಕೇ ಗ್ಯಾಸ್‌ಲೈಟು ಮನೆಮನೆಯ ಸಾಮಾನಾಗದೆ ಬಾಡಿಗೆಯ ದಂಧೆಯಾಯಿತು. ಪೇಟೆಯಲ್ಲಿ ಅದಕ್ಕೆಂದೇ ಅಂಗಡಿಗಳು. ಮೈಕ್‌ಸೆಟ್ಟು, ಪಾತ್ರೆ, ಜಮಖಾನೆಗಳ ಜೊತೆ ರಾತ್ರಿಗಿಷ್ಟು ಎಂದು ದೀಪ ಕೊಡುವುದು, ಜೊತೆಗೆ ಪಂಪು ಹೊಡೆಯಲು ಒಬ್ಬ ಆಳು. ಮದುವೆ ದಿಬ್ಬಣದಲ್ಲಿ, ದೇವರ ಪಲ್ಲಕ್ಕಿಯ ಇಕ್ಕೆಲದಲ್ಲಿ, ತಲೆಯ ಮೇಲೆ ಸಿಂಬೆ ಇಟ್ಟು ದೀಪ ಹೊತ್ತು ನಡೆಯುವವರ ಸಾಲು. ಹೊರುವವರಲ್ಲಿ ಹೆಂಗಸರು, ಹುಡುಗರೂ ಇರುತ್ತಿದ್ದರು. ಮೆರವಣಿಗೆಯ ಚಿತ್ರದಲ್ಲಿ ಮದುಮಕ್ಕಳು ಬೆಳಗುತ್ತಾರೆ, ದೀಪ ಹೊತ್ತವರ ಮುಖ ದೀಪದ ಕೆಳಗಿನ ಕತ್ತಲೆಯಲ್ಲಿ ಉಳಿಯುತ್ತದೆ. ಟ್ಯಾಂಕಿನ ನೆರಳು ಬೀಳುವುದು ಹೊತ್ತವರ ಮೇಲೆಯೇ.

ರಂಗಭೂಮಿಗೆ ಇದರ ಋಣ ದೊಡ್ಡದು. ಪಂಜಿನ ಕೆಂಪು, ಓಲಾಡುವ ಬೆಳಕಿಗೆ ಒಗ್ಗಿದ್ದ ಬಯಲಾಟದ ಬಣ್ಣಗಾರಿಕೆ, ಬೆಳ್ಳನೆಯ ನಿಶ್ಚಲ ಬೆಳಕಿಗೆ ಮುಖ ಒಡ್ಡಬೇಕಾಯಿತು. ಕರಾವಳಿಯ ಯಕ್ಷಗಾನ ದೊಂದಿಯಿಂದ ಗ್ಯಾಸ್‌ಲೈಟಿಗೆ, ಅಲ್ಲಿಂದ ವಿದ್ಯುತ್ತಿಗೆ ಹಾಯ್ದದ್ದು ಇದೇ ದಾರಿ. ದಾವಣಗೆರೆ ನಾಟಕ ಕಂಪನಿಗಳ ಊರು. ಚಿಂದೋಡಿ ವೀರಪ್ಪ 1920ರ ದಶಕದ ಕೊನೆಯಲ್ಲಿ ಕಟ್ಟಿದ, ಕೆ.ಬಿ.ಆರ್. ಎಂದೇ ಹೆಸರಾದ ಗುರು ಕರಿಬಸವ ರಾಜೇಂದ್ರ ನಾಟಕ ಕಂಪನಿಯ ತವರು ಇದು. ಕ್ಯಾಂಪು ಹಾಕುತ್ತ ಊರೂರು ತಿರುಗುವ ಕಂಪನಿಗಳ ಕಾಲದಲ್ಲಿ ಕರೆಂಟಿಲ್ಲದ ಊರಿನಲ್ಲಿ ಆಟವಾಡಲು ಗ್ಯಾಸ್‌ಲೈಟೇ ಗತಿ. ದೀಪ ಮಂಕಾದಾಗ ಪಾತ್ರಧಾರಿ ಮಾತಾಡುತ್ತಿರುವಂತೆಯೇ ಆಳು ರಂಗಕ್ಕೆ ಬಂದು ಪಂಪು ಹೊಡೆದು ಹೋದರೂ ಪ್ರೇಕ್ಷಕರಿಗೆ ಅದು ಕಾಣುತ್ತಿರಲಿಲ್ಲ. ಕಾಣದಿರುವುದನ್ನು ಅವರು ಕಲಿತಿದ್ದರು. ಎರಡು ವರ್ಷಕ್ಕೊಮ್ಮೆ ನಡೆಯುವ ದಾವಣಗೆರೆಯ ದುಗ್ಗಮ್ಮನ ಜಾತ್ರೆಯಂಥ ಕಡೆ ಬೆಂಡು ಬತ್ತಾಸಿನ ಅಂಗಡಿಯಿಂದ ಹಿಡಿದು ಬಳೆ ಮಲಾರದವರೆಗೆ ವ್ಯಾಪಾರ ಬೆಳಗಿನ ಜಾವಕ್ಕೂ ಹಬ್ಬಲು ಇಂಥ ಬೆಳಕೇ ಕಾರಣ.

ಎರಡನೆಯ ಮಹಾಯುದ್ಧ ಥೋರಿಯಂನ ಹಣೆಬರಹ ಬದಲಿಸಿತು. ನ್ಯೂಟ್ರಾನ್ ನುಂಗಿದ ಥೋರಿಯಂ-232, ಪ್ರೊಟಾಕ್ಟಿನಿಯಂ ಆಗಿ, ಕೊನೆಗೆ ಯುರೇನಿಯಂ-233 ಆಗುತ್ತದೆ. ಅದು ಅಣು ಇಂಧನ. ಅಲ್ಲಿಯವರೆಗೆ ದೀಪದ ಸರಕಾಗಿದ್ದ ಮೊನಜೈಟ್ ರಾತ್ರೋರಾತ್ರಿ ರಾಜ್ಯರಹಸ್ಯವಾಯಿತು. ಯುದ್ಧದ ಕಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಶ್ವಕಿರಣಗಳನ್ನು ಅಳೆಯುತ್ತಿದ್ದ ಹೋಮಿ ಭಾಭಾ, ಮುಂದೆ ಯುರೇನಿಯಂ ಕಡಿಮೆ, ಥೋರಿಯಂ ಧಾರಾಳವಾಗಿರುವ ದೇಶಕ್ಕೆ ತಕ್ಕಂತೆ ಮೂರು ಹಂತಗಳ ಅಣುಶಕ್ತಿ ಯೋಜನೆ ರೂಪಿಸಿದರು. 1950ರಲ್ಲಿ ಇಂಡಿಯನ್ ರೇರ್ ಅರ್ಥ್ಸ್ ಕಂಪನಿ ಹುಟ್ಟಿತು. 1952ರ ಡಿಸೆಂಬರಿನಲ್ಲಿ ಕೇರಳದ ಆಲುವಾ ಕಾರ್ಖಾನೆಯನ್ನು ನೆಹರೂ ಉದ್ಘಾಟಿಸಿದರು. 1955ರಲ್ಲಿ ಟ್ರಾಂಬೆಯಲ್ಲಿ ಥೋರಿಯಂ ಘಟಕ ಆರಂಭವಾಗಿ ಥೋರಿಯಂ ನೈಟ್ರೇಟು ತಯಾರಾಗತೊಡಗಿತು. ಅದನ್ನು ಕೊಂಡವರು ಯಾರು? ಅಣುಸ್ಥಾವರಗಳು ಇನ್ನೂ ಕನಸಿನಲ್ಲಿದ್ದವು. ಕೊಂಡವರು ಮ್ಯಾಂಟಲ್ ತಯಾರಕರು. ಅರ್ಧ ಶತಮಾನ ಹೊರಗೆ ಹೋಗಿ ಬರುತ್ತಿದ್ದ ಮರಳು ಕೊನೆಗೂ ದೇಶದೊಳಗೇ ಮ್ಯಾಂಟಲ್ ಆಯಿತು.

ಇನ್ನು ಕರೆಯದೆ ಬಂದ ನೆಂಟನ ವಿಷಯ. ಒಂದು ಮ್ಯಾಂಟಲಿನಲ್ಲಿ ಇರುತ್ತಿದ್ದುದು ಸುಮಾರು ಕಾಲು ಗ್ರಾಮಿನಿಂದ ಅರ್ಧ ಗ್ರಾಮಿನೊಳಗಿನ ಥೋರಿಯಂ. ಒಂದು ಗ್ರಾಂ ಥೋರಿಯಂನಲ್ಲಿ ಸೆಕೆಂಡಿಗೆ ಸುಮಾರು 4,000 ಪರಮಾಣುಗಳು ಕ್ಷಯಿಸುತ್ತವೆ. ಗೈಗರ್ ಕೌಂಟರಿನ ಪಕ್ಕ ಹಿಡಿದರೆ ಮ್ಯಾಂಟಲ್ ಟಿಕ್‌ಟಿಕ್ ಎನ್ನಿಸುತ್ತದೆ, ಕಾಲೇಜು ಪ್ರಯೋಗಾಲಯಗಳಲ್ಲಿ ಪಾಠಕ್ಕೆ ಬಳಸಿದ್ದೂ ಉಂಟು. ಆದರೆ ಎರಡು ಮೂರು ಬುಟ್ಟಿ ಹೊಲದ ಮಣ್ಣಿನಲ್ಲಿ ಹುದುಗಿರುವ ಥೋರಿಯಂ ಕೂಡ ಇಷ್ಟೇ. ಆಲ್ಫಾ ಕಣ ಒಂದು ಹಾಳೆ ಕಾಗದವನ್ನೂ ದಾಟದು, ಚರ್ಮದ ಹೊರಪದರದಲ್ಲೇ ನಿಲ್ಲುತ್ತದೆ. ಜಾತ್ರೆಯಲ್ಲಿ ದೀಪದ ಕೆಳಗೆ ಕೂತು ಆಟ ನೋಡಿದವರಿಗೆ ಇದರಿಂದ ಹೆದರುವಂಥದ್ದೇನೂ ಇರಲಿಲ್ಲ. ಸೀಮೆಎಣ್ಣೆಯ ಹೊಗೆ, ಸಿಡಿಯುವ ಟ್ಯಾಂಕು ಅದಕ್ಕಿಂತ ಹತ್ತಿರದ ಅಪಾಯ.

ಒಳಗೆ ಹೋದರೆ ಮಾತ್ರ ಲೆಕ್ಕ ಬೇರೆ. 1930ರ ದಶಕದಿಂದ ಎಕ್ಸ್‌ರೇ ಚಿತ್ರ ಸ್ಪಷ್ಟವಾಗಲೆಂದು ರೋಗಿಗಳ ರಕ್ತನಾಳಕ್ಕೆ ಚುಚ್ಚುತ್ತಿದ್ದ ಥೋರೊಟ್ರಾಸ್ಟ್ ಎಂಬ ಮದ್ದು ಥೋರಿಯಾದ್ದೇ. ಅದು ಯಕೃತ್ತಿನಲ್ಲಿ ಉಳಿದು, ದಶಕಗಳ ನಂತರ ಕ್ಯಾನ್ಸರ್ ತಂದಿತು. ಮ್ಯಾಂಟಲಿನ ವಿಷಯದಲ್ಲೂ ನಿಜವಾದ ಹೊರೆ ಬಿದ್ದದ್ದು ದೀಪ ನೋಡಿದವರ ಮೇಲಲ್ಲ. ನೈಟ್ರೇಟಿನ ನೀರಿನಲ್ಲಿ ಬರಿಗೈ ಅದ್ದಿ ಬಲೆ ನೆನೆಸಿದವರು, ಒಣಗಿಸಿ ಹೊಲಿದವರು, ಆ ಧೂಳಿನಲ್ಲಿ ಉಸಿರಾಡಿದವರು ಅದನ್ನು ಹೊತ್ತರು. ಹೊಸ ಮ್ಯಾಂಟಲನ್ನು ಮೊದಲ ಸಲ ಸುಡುವಾಗ ಥೋರಿಯಂನ ಮರಿಧಾತುಗಳಲ್ಲಿ ಒಂದಂಶ ಹೊಗೆಯ ಜೊತೆ ಹೊರಬೀಳುತ್ತದೆ. ದಿನವೂ ಹತ್ತಾರು ಮ್ಯಾಂಟಲ್ ಸುಟ್ಟು, ಹಳೆಯ ಬೂದಿಯನ್ನು ಬಾಯಿಂದ ಊದಿ ತೆಗೆದ ಬಾಡಿಗೆ ಅಂಗಡಿಯ ಆಳೂ ಈ ಸಾಲಿನವನೇ. ಈಗ ಥೋರಿಯಂ ಮ್ಯಾಂಟಲ್ ತಯಾರಿಕೆ ಭಾರತದಲ್ಲಿ ಅಣುಶಕ್ತಿ ನಿಯಂತ್ರಣ ಮಂಡಳಿಯ ಕಣ್ಗಾವಲಿನಲ್ಲಿದೆ. ಅಮೆರಿಕದ ಕೋಲ್‌ಮನ್ ಕಂಪನಿ 1990ರ ದಶಕದಲ್ಲಿ ಥೋರಿಯಂ ಬಿಟ್ಟು ಯಿಟ್ರಿಯಂಗೆ ಹೋಯಿತು. ಆವರ್ ಮೊದಲು ಹಿಡಿದು ಸೋತಿದ್ದ ಧಾತುವಿಗೇ ನೂರು ವರ್ಷದ ನಂತರ ಮರಳಿದಂತಾಯಿತು.

ಗ್ಯಾಸ್‌ಲೈಟಿನ ದಂಧೆ ಮುಗಿದದ್ದು ವಿಕಿರಣದ ಭಯದಿಂದಲ್ಲ. ಹಳ್ಳಿಗೆ ತಂತಿ ಬಂತು. 1980ರ ಆಸುಪಾಸಿನ ಭಾಗ್ಯಜ್ಯೋತಿ ಯೋಜನೆ ಬಡವರ ಗುಡಿಸಿಲಿಗೂ ಒಂದು ಬಲ್ಬು ಕೊಟ್ಟಿತು. ಮೆರವಣಿಗೆಗೆ ಟ್ಯೂಬ್‌ಲೈಟಿನ ಚೌಕಟ್ಟು, ಹಿಂದೆ ತಳ್ಳುಗಾಡಿಯ ಮೇಲೆ ಜನರೇಟರು ಬಂದವು. ಕೊನೆಗೆ ಎಲ್‌ಇಡಿ ಬಂತು. ತಲೆಯ ಮೇಲೆ ಹೊರುವ ಕೆಲಸ ಮಾತ್ರ ಹಲವು ಕಡೆ ಹಾಗೇ ಉಳಿಯಿತು, ದೀಪವಷ್ಟೇ ಬದಲಾಯಿತು.

ಥೋರಿಯಂ ಕರ್ನಾಟಕವನ್ನು ಬಿಟ್ಟೇನೂ ಹೋಗಿಲ್ಲ. ನೇತ್ರಾವತಿ ಕಡಲು ಸೇರುವ ಕಡೆಯ ಉಳ್ಳಾಲದ ದಂಡೆಯ ಮರಳಿನಲ್ಲಿ ಮೊನಜೈಟ್‌ನಿಂದಾಗಿ ಸಹಜ ವಿಕಿರಣ ಹೆಚ್ಚಿರುವುದನ್ನು ಮಂಗಳೂರು ವಿಶ್ವವಿದ್ಯಾನಿಲಯದ ಸಂಶೋಧಕರು 1990ರ ದಶಕದ ಆರಂಭದಲ್ಲಿ ಅಳೆದು ತೋರಿಸಿದರು. 1999-2000ರಲ್ಲಿ ಚಾಲನೆಗೊಂಡ ಕೈಗಾದ ಮೊದಲ ಎರಡು ರಿಯಾಕ್ಟರುಗಳಿಗೆ ಮೊದಲ ಸಲ ಇಂಧನ ತುಂಬುವಾಗ ಕೆಲವು ಥೋರಿಯಂ ಕಂತೆಗಳನ್ನೂ ಇಟ್ಟಿದ್ದರು. ಒಳಗಿನ ಶಾಖ ಒಂದೇ ಕಡೆ ಏರದೆ ಸಮನಾಗಿ ಹಂಚಲೆಂದು.

ಹಿತ್ತಾಳೆಯ ಹಳೆಯ ಗ್ಯಾಸ್‌ಲೈಟುಗಳು ಈಗ ಗುಜರಿಯಲ್ಲಿ, ಇಲ್ಲವೇ ಹೋಟೆಲುಗಳ ಅಲಂಕಾರದ ಗೂಡಿನಲ್ಲಿ ಸಿಗುತ್ತವೆ. ಅಟ್ಟದ ಮೇಲಿನ ದೀಪದಲ್ಲಿ ಬೂದಿಯ ಬುಡ್ಡೆ ಇನ್ನೂ ತೂಗುತ್ತಿದ್ದರೆ ಅದನ್ನು ಊದಿ ಉದುರಿಸಬಾರದು, ಮಕ್ಕಳ ಕೈಗೆ ಕೊಡಬಾರದು. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆದು ಕೈ ತೊಳೆದುಕೊಳ್ಳಬೇಕು. ಎಷ್ಟು ಹಳೆಯದಾದರೂ ಅದರ ಸತ್ವ ಇಳಿದಿರುವುದಿಲ್ಲ: ನೂರು ವರ್ಷದಲ್ಲಿ ಕ್ಷಯಿಸುವುದು ಅದರ 20 ಕೋಟಿ ಥೋರಿಯಂ ಪರಮಾಣುಗಳಲ್ಲಿ ಒಂದು.